ಶಾಲೆಗೆ ಓದಬೇಕಾದ ಹಾಸ್ಯದ ಪುಸ್ತಕ: ಯಾವುದನ್ನು ಕೈಗೆ ಕೊಡಬೇಕು?

ಪ್ರಶ್ನೆ: ನನ್ನ ಮಗಳು ತೀರ್ಥಹಳ್ಳಿ ಹತ್ತಿರದ ಪ್ರೌಢಶಾಲೆಯಲ್ಲಿ ಎಂಟನೆಯ ತರಗತಿ ಓದುತ್ತಿದ್ದಾಳೆ. ದಸರಾ ರಜೆಯಲ್ಲಿ ಕನ್ನಡದ ಒಂದು ಹಾಸ್ಯದ ಪುಸ್ತಕ ಓದಿ, ಅದರ ಬಗ್ಗೆ ಎರಡು ಪುಟ ಬರೆದು, ತರಗತಿಯಲ್ಲಿ ಐದು ನಿಮಿಷ ಮಾತನಾಡಬೇಕೆಂದು ಮೇಷ್ಟ್ರು ಹೇಳಿದ್ದಾರೆ. ಮನೆಯಲ್ಲಿದ್ದ ಒಂದು ನಗೆಹನಿಗಳ ಪುಸ್ತಕ ಕೊಟ್ಟೆ. ಅರ್ಧ ಗಂಟೆಯಲ್ಲಿ ಮುಗಿಸಿ, "ಇದರಲ್ಲಿ ಬರೆಯೋದಕ್ಕೆ ಏನಿದೆ ಅಮ್ಮ?" ಎಂದು ಕೇಳಿದಳು. ನಮ್ಮ ಮಾವನವರು ಕೈಲಾಸಂ ಓದಲಿ ಎನ್ನುತ್ತಾರೆ, ನಾದಿನಿ ಬೀಚಿ ಎನ್ನುತ್ತಾಳೆ. ಎರಡನ್ನೂ ತಂದುಕೊಟ್ಟೆವು, ಅವಳಿಗೆ ನಗು ಬರಲಿಲ್ಲ. ಯಾವ ಪುಸ್ತಕ ಆರಿಸಬೇಕು?

ಉತ್ತರ: ನಗೆಹನಿಗಳ ಪುಸ್ತಕದಲ್ಲಿ ಬರೆಯಲು ಏನೂ ಇಲ್ಲ ಎಂದು ನಿಮ್ಮ ಮಗಳು ಅರ್ಧ ಗಂಟೆಯಲ್ಲಿ ಕಂಡುಕೊಂಡದ್ದನ್ನು ನಾನು ಕಂಡುಕೊಳ್ಳಲು ಮೇಷ್ಟ್ರಾಗಿ ಏಳೆಂಟು ವರ್ಷ ಬೇಕಾಯಿತು. ಶಿವಮೊಗ್ಗ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತಿದ್ದಾಗ ನಾನೂ ಇಂಥದೇ ಕೆಲಸ ಕೊಟ್ಟಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ಪುಸ್ತಕವನ್ನು ಕೈಯಲ್ಲಿ ಸುರುಳಿ ಸುತ್ತಿ ಹಿಡಿದುಕೊಂಡು ಎದ್ದು ನಿಂತ ಒಬ್ಬ ಹುಡುಗ ಐದು ನಿಮಿಷದಲ್ಲಿ ಹದಿನಾಲ್ಕು ನಗೆಹನಿ ಹೇಳಿದ. ತರಗತಿ ಎಷ್ಟು ನಕ್ಕಿತೆಂದರೆ ಪಕ್ಕದ ಕೊಠಡಿಯಲ್ಲಿದ್ದ ಗಣಿತದ ಮೇಷ್ಟ್ರು ಬಾಗಿಲಿಗೆ ಬಂದು ಇಣುಕಿ ಹೋದರು. ಆಮೇಲೆ ಅವನು ಬರೆದುಕೊಟ್ಟ ಎರಡು ಪುಟ ತೆರೆದರೆ ಅದೇ ಹದಿನಾಲ್ಕರಲ್ಲಿ ಒಂಬತ್ತು ನಗೆಹನಿಗಳು ಇದ್ದವು, ಕೊನೆಯಲ್ಲಿ "ಈ ಪುಸ್ತಕವು ಬಹಳ ಹಾಸ್ಯಮಯವಾಗಿದೆ" ಎಂಬ ಒಂದು ವಾಕ್ಯವಿತ್ತು. ಅವನಿಗೆ ಬೈಯಲು ನನಗೆ ಬಾಯಿ ಬರಲಿಲ್ಲ. ಇನ್ನೇನು ತಾನೇ ಬರೆದಾನು? ನಗೆಹನಿಯಲ್ಲಿ ಮನುಷ್ಯರಿರುವುದಿಲ್ಲ. ಈ ಪುಟದಲ್ಲಿ ಪೆದ್ದನಾಗಿದ್ದ ಗುಂಡ ಮುಂದಿನ ಪುಟದಲ್ಲಿ ಡಾಕ್ಟರಿಗೇ ಬುದ್ಧಿ ಹೇಳುವಷ್ಟು ಚುರುಕಾಗಿರುತ್ತಾನೆ, ಅದರಾಚೆಯ ಪುಟದಲ್ಲಿ ಅವನಿಗೆ ಮದುವೆಯೂ ಆಗಿರುತ್ತದೆ. ಕೊನೆಯ ಸಾಲು ಬರುತ್ತದೆ, ನಾವು ನಗುತ್ತೇವೆ, ಅಲ್ಲಿಗೆ ಆ ಗುಂಡನ ಆಯುಷ್ಯ ಮುಗಿಯುತ್ತದೆ.

ಆದ್ದರಿಂದ ಶಾಲೆಯ ಓದಿಗೆ ನಾನು ಹೇಳುವ ನಿಯಮ ಒಂದೇ. ನಗು ಮಾತಿನ ಚಮತ್ಕಾರದಿಂದ ಮಾತ್ರ ಹುಟ್ಟುವ ಪುಸ್ತಕ ಬೇಡ, ಒಬ್ಬ ವ್ಯಕ್ತಿಯ ಸ್ವಭಾವದಿಂದ ಹುಟ್ಟುವ ಪುಸ್ತಕ ಬೇಕು. ಇದನ್ನು ಒಂದು ಉದಾಹರಣೆ ಹಿಡಿದು ನೋಡೋಣ.

ಆರ್. ಕೆ. ನಾರಾಯಣ್ ಅವರ 'ಸ್ವಾಮಿ ಅಂಡ್ ಫ್ರೆಂಡ್ಸ್' 1935ರಲ್ಲಿ ಇಂಗ್ಲಿಷಿನಲ್ಲಿ ಬಂದ ಕಾದಂಬರಿ. ಕನ್ನಡದಲ್ಲಿಯೂ ಓದಲು ಸಿಗುತ್ತದೆ. ಶಂಕರ್‌ನಾಗ್ ದೂರದರ್ಶನಕ್ಕೆ ಮಾಡಿದ 'ಮಾಲ್ಗುಡಿ ಡೇಸ್' ಧಾರಾವಾಹಿಯ ಚಿತ್ರೀಕರಣ ನಿಮ್ಮದೇ ತಾಲ್ಲೂಕಿನ ಆಗುಂಬೆಯಲ್ಲಿ ನಡೆದದ್ದರಿಂದ, ಈ ಕತೆ ನಡೆಯುವ ಕಲ್ಪನೆಯ ಊರು ಮಾಲ್ಗುಡಿ ನಮ್ಮ ಕಡೆಯವರಿಗೆ ಪಕ್ಕದ ಊರಿನಂತೆಯೇ ಆಗಿಬಿಟ್ಟಿದೆ. ಅರಸಾಳು ರೈಲು ನಿಲ್ದಾಣದಲ್ಲಿ ಈಗ ಮಾಲ್ಗುಡಿಯ ಹೆಸರಿನ ವಸ್ತುಸಂಗ್ರಹಾಲಯವೂ ಇದೆ. ಆ ಕಾದಂಬರಿಯಲ್ಲಿ ರಜೆಯ ಒಂದು ದಿನ ತಂದೆ ಸ್ವಾಮಿಯನ್ನು ಕೂರಿಸಿಕೊಂಡು ಒಂದು ಲೆಕ್ಕ ಕೊಡುತ್ತಾರೆ. ರಾಮನ ಹತ್ತಿರ ಹತ್ತು ಮಾವಿನ ಹಣ್ಣುಗಳಿವೆ, ಅವುಗಳಿಂದ ಅವನಿಗೆ ಹದಿನೈದು ಆಣೆ ಬರಬೇಕು. ಕೃಷ್ಣನಿಗೆ ಬೇಕಾದದ್ದು ನಾಲ್ಕೇ ಹಣ್ಣು, ಅವನು ಎಷ್ಟು ಕೊಡಬೇಕು? ಸ್ವಾಮಿ ಲೆಕ್ಕ ನೋಡುತ್ತಾನೆ, ನೋಡುತ್ತಲೇ ಇರುತ್ತಾನೆ. ಕೊನೆಗೆ ತಂದೆಯನ್ನು ಕೇಳುವುದು ಹಣ್ಣು ಮಾಗಿದೆಯೋ ಇಲ್ಲವೋ ಎಂದು.

ಇಲ್ಲಿ ಯಾರೂ ಜೋಕು ಹೇಳುತ್ತಿಲ್ಲ. ತಂದೆಗೆ ಸಿಟ್ಟು ಬಂದಿದೆ, ಮಗನಿಗೆ ಅಳು ಬರುವಂತಾಗಿದೆ, ನಗುವವರು ಓದುವ ನಾವು ಮಾತ್ರ. ತಂದೆಗೆ ಅದು ಬರಿಯ ಲೆಕ್ಕ. ಮಾವು ಎನ್ನುವುದು ಒಂದು ಅಂಕಿಯ ಹೆಸರು, ಅದರ ಬದಲು ತೆಂಗಿನಕಾಯಿ ಎಂದಿದ್ದರೂ ಅವರಿಗೆ ಒಂದೇ. ಮಗನಿಗೆ ಅಂಕಿ ಕಾಣುವುದೇ ಇಲ್ಲ, ಮಾವಿನ ಹಣ್ಣು ಕಾಣುತ್ತದೆ, ರಾಮ ಕೃಷ್ಣರ ನಡುವಿನ ಚೌಕಾಸಿ ಕಾಣುತ್ತದೆ. ಬೆಲೆ ಹಣ್ಣಿನ ಹದವನ್ನು ನೋಡಿ ತೀರ್ಮಾನವಾಗಬೇಕು ಎಂಬುದು ಸಂತೆ ಕಂಡ ಯಾರಿಗಾದರೂ ಗೊತ್ತಿರುವ ವಿಷಯ, ಹಾಗೆ ನೋಡಿದರೆ ಹುಡುಗ ಹೇಳುವುದೇ ಸರಿ! ನಿಮ್ಮ ಮಗಳು ಈ ಒಂದು ಪ್ರಸಂಗವನ್ನು ಇಷ್ಟು ಬಿಡಿಸಿ ಹೇಳಿ, ತನ್ನ ಮನೆಯಲ್ಲಿಯೋ ಶಾಲೆಯಲ್ಲಿಯೋ ಇದೇ ರೀತಿ ನಡೆದದ್ದನ್ನು ಸೇರಿಸಿದರೆ ಐದು ನಿಮಿಷ ಸಾಲದೆ ಹೋಗುತ್ತದೆ. ಹದಿನಾಲ್ಕು ನಗೆಹನಿ ಕೊಡದೆ ಹೋದದ್ದನ್ನು ಒಂದು ಮಾವಿನ ಹಣ್ಣಿನ ಲೆಕ್ಕ ಕೊಡುತ್ತದೆ.

ಆದರೂ ನಾನು ಮೊದಲು ಕೈಗೆ ಕೊಡುವ ಪುಸ್ತಕ ಇದಲ್ಲ, ಪೂರ್ಣಚಂದ್ರ ತೇಜಸ್ವಿಯವರ 'ಪರಿಸರದ ಕತೆ'. ಇದಕ್ಕೆ ಕಾರಣ ಭಾಷೆ. ತೇಜಸ್ವಿ 1938ರಲ್ಲಿ ಹುಟ್ಟಿದ್ದು ನಿಮ್ಮ ತಾಲ್ಲೂಕಿನ ಕುಪ್ಪಳಿಯಲ್ಲಿ, ತೋಟ ಮಾಡಿಕೊಂಡು ಬದುಕಿದ್ದು ಮೂಡಿಗೆರೆಯಲ್ಲಿ. ಅವರ ಪುಸ್ತಕದ ಜನ ಮಾತನಾಡುವ ರೀತಿ ನಿಮ್ಮ ಮಗಳು ಅಂಗಡಿ ಕಟ್ಟೆಯಲ್ಲಿ, ಅಡಿಕೆ ಸುಲಿಯುವ ಚಪ್ಪರದಲ್ಲಿ ದಿನವೂ ಕೇಳುವ ರೀತಿಗೆ ಬಹಳ ಹತ್ತಿರದ್ದು. ಹಾಸ್ಯ ಮೊದಲು ಕಿವಿಗೆ ತಲುಪಬೇಕು. ಪದಗಳ ಅರ್ಥ ಹುಡುಕುತ್ತಾ ಯಾರೂ ನಕ್ಕದ್ದಿಲ್ಲ. ಈ ಪುಸ್ತಕದಲ್ಲಿ ಬರುವ ಮಾರ ಎಂಬಾತ ಕಾಡಿನ ಬಗ್ಗೆ ತನಗೆ ತಿಳಿಯದ್ದು ಯಾವುದೂ ಇಲ್ಲ ಎನ್ನುವ ಠೀವಿಯಲ್ಲಿ ಮಾತನಾಡುತ್ತಾನೆ, ಅವನ ಮಾತಿನಲ್ಲಿ ನಿಜ ಎಲ್ಲಿ ಮುಗಿಯಿತು, ಬುರುಡೆ ಎಲ್ಲಿ ಶುರುವಾಯಿತು ಎಂದು ಲೇಖಕರಿಗೂ ಗೊತ್ತಾಗುವುದಿಲ್ಲ. ಪೂರ್ತಿ ಸುಳ್ಳುಗಾರನಾಗಿದ್ದರೆ ನಗು ಒಂದೇ ಸಲಕ್ಕೆ ಮುಗಿಯುತ್ತಿತ್ತು. ಅವನಿಗೆ ನಿಜವಾಗಿಯೂ ಒಂದಿಷ್ಟು ಗೊತ್ತು ಎನ್ನುವುದರಿಂದಲೇ ಅದು ಪುಸ್ತಕದುದ್ದಕ್ಕೂ ಉಳಿಯುತ್ತದೆ. ಇಂಥವರೊಬ್ಬರು ಮಲೆನಾಡಿನ ಪ್ರತಿ ಊರಿನಲ್ಲಿಯೂ ಇದ್ದೇ ಇರುತ್ತಾರೆ, ನಿಮ್ಮ ಊರಿನಲ್ಲಿ ಯಾರು ಎಂದು ಮಗಳನ್ನು ಕೇಳಿ ನೋಡಿ. ಹೆಸರು ತಕ್ಷಣ ಬರುತ್ತದೆ. (ಬರವಣಿಗೆಯಲ್ಲಿ ಮಾತ್ರ ಆ ಹೆಸರು ಹಾಕದಿರುವುದು ಕ್ಷೇಮ.) 'ಕಿವಿ' ಎಂಬ ಹೆಸರಿನ ಲೇಖಕರ ನಾಯಿಗೂ ಪುಸ್ತಕದಲ್ಲಿ ಮನುಷ್ಯರಷ್ಟೇ ಸ್ವಭಾವವಿದೆ. ಬಿಡಿ ಬಿಡಿ ಪ್ರಸಂಗಗಳಾಗಿರುವುದರಿಂದ ಎಲ್ಲಿಂದ ಬೇಕಾದರೂ ಓದಬಹುದು, ರಜೆಯಲ್ಲಿ ನೆಂಟರ ಮನೆಗೆ ಹೋಗುವ ಮಕ್ಕಳಿಗೆ ಇದೊಂದು ದೊಡ್ಡ ಅನುಕೂಲ.

ಅವಳಿಗೆ ಬಿಡಿ ಪ್ರಸಂಗಗಳಿಗಿಂತ ಒಂದೇ ಕತೆ ಇಷ್ಟವಾಗುವುದಾದರೆ 1980ರ 'ಕರ್ವಾಲೊ' ಇದೆ. ಹಾರುವ ಓತಿಯೊಂದನ್ನು ಹುಡುಕಿಕೊಂಡು ಒಬ್ಬ ವಿಜ್ಞಾನಿ, ಒಬ್ಬ ರೈತ, ಜೇನು ಹಿಡಿಯುವ ಮಂದಣ್ಣ, ಬಿರಿಯಾನಿ ಕರಿಯಪ್ಪ ಮತ್ತು ಒಂದು ನಾಯಿ ಕಾಡಿಗೆ ಹೊರಡುವ ಕಾದಂಬರಿ ಅದು. ಊರಿನವರ ಕಣ್ಣಿಗೆ ಮಂದಣ್ಣ ಕೆಲಸಕ್ಕೆ ಬಾರದ ಅಬ್ಬೇಪಾರಿ, ವಿಜ್ಞಾನಿ ಕರ್ವಾಲೊ ಕಣ್ಣಿಗೆ ಹುಟ್ಟು ಸಂಶೋಧಕ. ಕತೆ ಹೇಳುವ ರೈತನಿಗೆ ಇಬ್ಬರನ್ನೂ ಪೂರ್ತಿ ನಂಬಲು ಆಗುವುದಿಲ್ಲ. ಒಬ್ಬನೇ ಮನುಷ್ಯ ಇಬ್ಬರ ಕಣ್ಣಿಗೆ ಇಷ್ಟು ಬೇರೆಯಾಗಿ ಕಾಣುವುದೇ ಅಲ್ಲಿನ ನಗುವಿನ ಬೇರು. ಎಂಟನೆಯ ತರಗತಿಯ ಹುಡುಗಿಗೆ ಇದರ ನಡುವಿನ ಕೆಲವು ಚರ್ಚೆಗಳು ಸ್ವಲ್ಪ ಭಾರವೆನ್ನಿಸಬಹುದು, ಅಲ್ಲಿ ಪುಟ ಮಗುಚಿದರೆ ಅಪರಾಧವೇನೂ ಅಲ್ಲ.

ಇನ್ನು ನಿಮ್ಮ ಮನೆಯ ಹಿರಿಯರ ಸಲಹೆಗಳು. ನಿಮ್ಮ ಮಾವನವರು ಹೇಳಿದ ಕೈಲಾಸಂ (1884–1946) ಕನ್ನಡದ ದೊಡ್ಡ ನಗೆಗಾರರಲ್ಲಿ ಒಬ್ಬರು ಎನ್ನುವುದರಲ್ಲಿ ಎರಡು ಮಾತಿಲ್ಲ. ಅವರ 'ಟೊಳ್ಳುಗಟ್ಟಿ' ನಾಟಕದ ವಿಷಯವೂ ಶಾಲೆಗೆ ಸಂಬಂಧಿಸಿದ್ದೇ: ಪರೀಕ್ಷೆಯಲ್ಲಿ ಮುಂದಿರುವ ಮಗ, ಹಿಂದೆ ಬಿದ್ದ ಮಗ, ಅಂಕ ನೋಡಿ ಮಕ್ಕಳನ್ನು ತೂಗುವ ತಂದೆ. ಆದರೂ ನಿಮ್ಮ ಮಗಳಿಗೆ ನಗು ಬರಲಿಲ್ಲ ಎಂದರೆ ನನಗೆ ಆಶ್ಚರ್ಯವಿಲ್ಲ, ಏಕೆಂದರೆ ಅವಳು ಅದನ್ನು ಒಬ್ಬಳೇ ಕುಳಿತು ಮನಸ್ಸಿನಲ್ಲಿ ಓದಿರುತ್ತಾಳೆ. ಕೈಲಾಸಂ ಬರೆದದ್ದು ಬಾಯಿಂದ ಆಡುವುದಕ್ಕೆ. ಹಳೆಯ ಬೆಂಗಳೂರು, ಮೈಸೂರಿನ ಮನೆಗಳಲ್ಲಿ ಇಂಗ್ಲಿಷ್ ಬೆರೆಸಿ ನುಂಗಿ ನುಂಗಿ ಆಡುತ್ತಿದ್ದ ಕನ್ನಡವನ್ನು ಅವರು ಕೇಳಿಸಿದ ಹಾಗೆಯೇ ಅಕ್ಷರಕ್ಕಿಳಿಸಿದ್ದಾರೆ. ಪುಟದ ಮೇಲೆ ಅದು ಅಚ್ಚಿನ ದೋಷದಂತೆ ಕಾಣುತ್ತದೆ, ಬಾಯಿಗೆ ಬಂದರೆ ಮನುಷ್ಯರಾಗಿಬಿಡುತ್ತದೆ. ನಾನೊಮ್ಮೆ ಒಂಬತ್ತನೆಯ ತರಗತಿಗೆ ಅವರ ನಾಟಕವೊಂದನ್ನು ಮೌನವಾಗಿ ಓದಲು ಕೊಟ್ಟು, ನಲವತ್ತು ಮಕ್ಕಳು ಮರಣವಾರ್ತೆ ಓದುವವರ ಹಾಗೆ ತಲೆ ತಗ್ಗಿಸಿ ಕುಳಿತದ್ದನ್ನು ನೋಡಿದ್ದೇನೆ. ಮಾರನೆಯ ದಿನ ನಾಲ್ಕು ಮಕ್ಕಳನ್ನು ಎದ್ದು ನಿಲ್ಲಿಸಿ ಪಾತ್ರ ಹಂಚಿ ಓದಿಸಿದೆ, ಮೂರನೆಯ ಮಾತಿಗೇ ನಗು ಶುರುವಾಯಿತು. ಆದ್ದರಿಂದ ಕೈಲಾಸಂ ಬೇಕೆಂದಾದರೆ ಮಾವನವರು ತಂದೆಯ ಪಾತ್ರ ವಹಿಸಿಕೊಂಡು ಮೊಮ್ಮಗಳ ಜೊತೆ ಗಟ್ಟಿಯಾಗಿ ಓದಲಿ. ಅಷ್ಟು ಪುರಸೊತ್ತು ಅವರಿಗೆ ಇಲ್ಲವಾದರೆ ಆ ಪುಸ್ತಕವನ್ನು ಸದ್ಯಕ್ಕೆ ಕಪಾಟಿನಲ್ಲಿಡಿ.

ಬೀಚಿಯವರ (1913–1980) ವಿಷಯ ಬೇರೆ. ಅವರ ತಿಂಮ ಎಂಬ ಪಾತ್ರದ ಮಾತುಗಳು ಚುರುಕಾಗಿವೆ, ಬಹುಮಟ್ಟಿಗೆ ಪದಗಳ ಮೇಲೆ ನಿಂತಿವೆ, ಮತ್ತು ಅವುಗಳಲ್ಲಿ ಹೆಚ್ಚಿನವು ಗಂಡ–ಹೆಂಡತಿ, ಕಚೇರಿ, ಸಾಲ, ರಾಜಕೀಯ ಇವುಗಳನ್ನು ಕಂಡು ಬಳಲಿದ ದೊಡ್ಡವರಿಗೆ ಹೇಳಿದಂಥವು. ಹದಿಮೂರು ವರ್ಷದ ಹುಡುಗಿಗೆ ಆ ಬಳಲಿಕೆ ಇನ್ನೂ ಬಂದಿಲ್ಲ, ಬಾರದಿರುವುದೇ ಒಳ್ಳೆಯದು. ನಾದಿನಿಯವರು ಬೇಸರಪಟ್ಟುಕೊಳ್ಳಬಾರದು, ಹತ್ತು ವರ್ಷದ ನಂತರ ಅದೇ ಪುಸ್ತಕವನ್ನು ಅವಳೇ ಕೇಳಿ ಪಡೆಯುತ್ತಾಳೆ.

ಮಾತಿನ ಆಟದ ಮೇಲೆಯೇ ಅವಳಿಗೆ ಮೋಹವಿದ್ದರೆ ನಾ. ಕಸ್ತೂರಿಯವರ 'ಅನರ್ಥಕೋಶ' ತೋರಿಸಿ. ಪದಗಳಿಗೆ ಇಲ್ಲದ ಅರ್ಥ ಕಟ್ಟುವ ನಿಘಂಟು ಅದು. ಅದನ್ನು ಮೊದಲಿಂದ ಕೊನೆಯವರೆಗೆ ಓದುವ ಅಗತ್ಯವಿಲ್ಲ, ಹತ್ತು ಪುಟ ನೋಡಿ ತಾನೇ ಅಂಥ ಅರ್ಥಗಳನ್ನು ಕಟ್ಟಲಿ. ನಮ್ಮ ಶಾಲೆಯಲ್ಲಿ ಈ ಆಟ ಆಡಿಸಿದಾಗ ಒಬ್ಬಳು "ಗೃಹಪಾಠ: ಗೃಹದವರೆಲ್ಲ ಸೇರಿ ಮಾಡುವ ಪಾಠ" ಎಂದು ಬರೆದಳು. ಇನ್ನೊಬ್ಬ "ಮಳೆ ರಜೆ: ರಜೆ ಘೋಷಿಸಿದ ಮೇಲೆ ಬಿಸಿಲು ಬರುವ ದಿನ" ಎಂದು ಬರೆದ. ಜುಲೈ ತಿಂಗಳಲ್ಲಿ ಮಲೆನಾಡಿನಲ್ಲಿ ಮಕ್ಕಳನ್ನು ಸಾಕಿದವರಿಗೆ ಇದರ ಸತ್ಯವನ್ನು ವಿವರಿಸಬೇಕಾಗಿಲ್ಲ.

ಮನೆಯಲ್ಲಿ ಹಿರಿಯರ ಜೊತೆ ಕುಳಿತು ಓದುವ ಅಭ್ಯಾಸವಿದ್ದರೆ ಕುವೆಂಪು ಅವರ 'ಮಲೆನಾಡಿನ ಚಿತ್ರಗಳು' ಪುಸ್ತಕವನ್ನು ಬಿಡಬಾರದು. ಕುವೆಂಪು ಎಂದೊಡನೆ ಮಕ್ಕಳು ಸಭೆಯಲ್ಲಿ ನಿಂತವರಂತೆ ಬಿಗಿಯಾಗುತ್ತಾರೆ, ಅವರು ನಗಿಸಿಯೂ ಇದ್ದಾರೆ ಎಂದರೆ ನಂಬುವುದಿಲ್ಲ. ಅದರಲ್ಲಿನ 'ಅಜ್ಜಯ್ಯನ ಅಭ್ಯಂಜನ' ಎಂಬ ಬರಹವನ್ನು ದೀಪಾವಳಿಗೆ ಹಂಡೆಗೆ ನೀರು ತುಂಬುವ ಹೊತ್ತಿನಲ್ಲಿ ಗಟ್ಟಿಯಾಗಿ ಓದಿ. ಮೈಗೆ ಎಣ್ಣೆ ಹಚ್ಚಿಸಿಕೊಂಡು ಬಚ್ಚಲಿನಲ್ಲಿ ಕುಳಿತು ಬಿಸಿನೀರಿಗೆ ಹೆದರಿದ ಪ್ರತಿ ಮಗುವಿಗೂ ಅದು ತನ್ನದೇ ಮನೆಯ ಕತೆಯೆನ್ನಿಸುತ್ತದೆ. ತೊಡಕು ಒಂದೇ. ಸುಮಾರು ತೊಂಬತ್ತು ವರ್ಷ ಹಿಂದಿನ ಗದ್ಯವಾದ್ದರಿಂದ ವಾಕ್ಯಗಳು ಉದ್ದ, ಬೇಟೆ ಬೇಸಾಯದ ಕೆಲವು ಪದಗಳನ್ನು ಈಗ ನಮ್ಮ ಕಡೆಯ ಮಕ್ಕಳೂ ಕೇಳಿರುವುದಿಲ್ಲ. ಪಕ್ಕದಲ್ಲಿ ಅಜ್ಜನೋ ಅಜ್ಜಿಯೋ ಇದ್ದರೆ ಆ ತೊಡಕೇ ಒಂದು ಸಂಜೆಯ ಮಾತಾಗುತ್ತದೆ.

ಹೇಮಾವತಿ ದಡದ ಗೊರೂರು ರಾಮಸ್ವಾಮಿ ಅಯ್ಯಂಗಾರರ 'ಹಳ್ಳಿಯ ಚಿತ್ರಗಳು' ನಿಧಾನ ನಗುವಿನ ಪುಸ್ತಕ, ತಾಳ್ಮೆಯುಳ್ಳ ಮಕ್ಕಳಿಗೆ ಮಾತ್ರ. ರಾಶಿ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಡಾ. ಎಂ. ಶಿವರಾಂ ಅವರು 1942ರಲ್ಲಿ ಆರಂಭಿಸಿದ 'ಕೊರವಂಜಿ' ಹಾಸ್ಯ ಪತ್ರಿಕೆಯ ಬಳಗದ ಟಿ. ಸುನಂದಮ್ಮನವರ ಪ್ರಬಂಧಗಳು ಸಿಕ್ಕರೆ ನಾಲ್ಕೈದನ್ನಾದರೂ ಅವಳಿಗೆ ಓದಲು ಕೊಡಿ. ನಮ್ಮ ಹಳೆಯ ಹಾಸ್ಯ ಬಹುಪಾಲು ಗಂಡಸರು ಬರೆದದ್ದು, ಅದರಲ್ಲಿ ಅಡುಗೆಮನೆಯ ಹೆಂಗಸು ನಗೆಯ ವಸ್ತು. ಸುನಂದಮ್ಮನವರಲ್ಲಿ ಆ ಮನೆಯೊಳಗಿನ ಹೆಂಗಸೇ ನಗುವವಳು. ಈ ವ್ಯತ್ಯಾಸವನ್ನು ಹುಡುಗಿಯರು ಬೇಗ ಹಿಡಿಯುತ್ತಾರೆ.

ಈ ಮಾತಿಗೆ ಹೊಂದಿಕೊಂಡಂತೆ ಇನ್ನೊಂದು ವಿಷಯವಿದೆ. ಹಳೆಯ ಹಾಸ್ಯ ಪುಸ್ತಕಗಳಲ್ಲಿ ತೊದಲುವವರನ್ನು, ದಪ್ಪಗಿರುವವರನ್ನು, ಕಿವಿ ಕೇಳಿಸದವರನ್ನು, ಜಾತಿಯನ್ನು ಹಿಡಿದು ನಗುವ ಪುಟಗಳು ಎದುರಾಗುತ್ತವೆ. ಅಂಥ ಪುಟ ಸಿಕ್ಕ ತಕ್ಷಣ ಪುಸ್ತಕವನ್ನು ಕಿತ್ತುಕೊಳ್ಳಬೇಡಿ. "ಇದಕ್ಕೆ ನಂಗೆ ನಗು ಬರಲಿಲ್ಲ" ಎಂದು ಅವಳು ಹೇಳಿದರೆ ಅದನ್ನೇ ಬರೆಯಲು ಬಿಡಿ. ಯಾವುದಕ್ಕೆ ನಕ್ಕೆ, ಯಾವುದಕ್ಕೆ ನಗಲಿಲ್ಲ ಎಂದು ಬರೆದ ಎರಡು ಪುಟ ಸಿಕ್ಕಾಗ ನಾನು ಕೆಂಪು ಶಾಯಿಯ ಪೆನ್ನನ್ನು ಕೆಳಗಿಟ್ಟು ಓದಿದ್ದೇನೆ. ಆದರೆ ತರಗತಿಯಲ್ಲಿ ಗಟ್ಟಿಯಾಗಿ ಓದುವ ಭಾಗವನ್ನು ಮಾತ್ರ ನೀವು ಒಮ್ಮೆ ನೋಡಿಕೊಳ್ಳಿ, ಎದುರಿನ ಬೆಂಚಿನಲ್ಲಿ ನಿಜವಾಗಿಯೂ ತೊದಲುವ ಹುಡುಗನೊಬ್ಬ ಕುಳಿತಿರಬಹುದು.

ಪುಸ್ತಕ ಆರಿಸುವ ಕೆಲಸವನ್ನು ನೀವು ಮಾಡಬಾರದು, ನಾನೂ ಮಾಡಬಾರದು. ನಾವು ಮೂರು ಪುಸ್ತಕ ತಂದಿಡಬಹುದು ಅಷ್ಟೇ. ರಾತ್ರಿ ಊಟವಾದ ಮೇಲೆ ಒಂದೊಂದರಿಂದ ಎರಡೆರಡು ಪುಟವನ್ನು ಅವಳು ಗಟ್ಟಿಯಾಗಿ ಓದಲಿ. ಮೊದಲ ಪುಟವೇ ಬೇಡ, ಹಾಸ್ಯ ಬರಹಗಾರರು ಮೊದಲ ಪುಟದಲ್ಲಿ ಅಂಗಿ ಗುಂಡಿ ಹಾಕಿಕೊಳ್ಳುತ್ತಿರುತ್ತಾರೆ, ನಡುವಿನಿಂದ ಓದಲಿ. ಓದುವಾಗ ಅವಳ ಧ್ವನಿಯನ್ನು ಗಮನಿಸಿ. ಪಾಠ ಒಪ್ಪಿಸುವ ಧ್ವನಿಯಲ್ಲಿಯೇ ಎರಡೂ ಪುಟ ಮುಗಿದರೆ ಅದು ಅವಳ ಪುಸ್ತಕವಲ್ಲ. ಎಲ್ಲಿಯೋ ಒಂದು ಕಡೆ ಧ್ವನಿ ಬದಲಾಗಿ, ಪಾತ್ರದ ಮಾತನ್ನು ಆ ಪಾತ್ರದಂತೆಯೇ ಆಡಲು ಶುರುಮಾಡಿದಳೆಂದರೆ ನೀವು ಬೇರೆ ಪುಸ್ತಕ ಹುಡುಕಬೇಕಾಗಿಲ್ಲ. ಪುಸ್ತಕಗಳನ್ನೆಲ್ಲ ಕೊಳ್ಳಬೇಕೆಂದೂ ಇಲ್ಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಲ್ಲಿ, ಈಗ ಅರಿವು ಕೇಂದ್ರ ಎಂದು ಕರೆಯುತ್ತಾರಲ್ಲ, ಅಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ತೇಜಸ್ವಿ, ಕುವೆಂಪು ಇಬ್ಬರ ಪುಸ್ತಕಗಳೂ ನಮ್ಮ ಜಿಲ್ಲೆಯ ಗ್ರಂಥಾಲಯಗಳಲ್ಲಿ ಸಿಗುವುದು ಕಷ್ಟವಲ್ಲ.

ತರಗತಿಯಲ್ಲಿ ಮಾತನಾಡುವ ಬಗ್ಗೆ ಒಂದು ಎಚ್ಚರಿಕೆ. ಕತೆಯನ್ನು ಪೂರ್ತಿ ಹೇಳಹೊರಟ ಮಕ್ಕಳು ಮೂರನೆಯ ನಿಮಿಷಕ್ಕೆ ಸುಸ್ತಾಗುತ್ತಾರೆ, ಕೇಳುವವರು ಅದಕ್ಕೂ ಮೊದಲೇ. ಒಂದೇ ಪ್ರಸಂಗವನ್ನು ಆರಿಸಿ, ಅದರ ಹತ್ತು ಹನ್ನೆರಡು ಸಾಲನ್ನು ಪುಸ್ತಕದಿಂದಲೇ ಚೆನ್ನಾಗಿ ಓದಿ, ಅಲ್ಲಿ ಯಾರಿಗೆ ಏನು ಬೇಕಾಗಿತ್ತು, ಸಿಕ್ಕಿದ್ದೇನು ಎಂದು ಹೇಳಿದರೆ ಸಾಕು. "ಬಹಳ ತಮಾಷೆಯಾಗಿದೆ, ಕೇಳಿ" ಎಂದು ಮೊದಲೇ ಹೇಳಬಾರದು, ಹಾಗೆಂದಾಗ ಯಾರೂ ನಗುವುದಿಲ್ಲ. ಓದುವಾಗ ತಾನು ಮೊದಲೇ ನಗಲೂ ಬಾರದು. ಯಕ್ಷಗಾನದ ಹಾಸ್ಯಗಾರ ರಂಗದ ಮೇಲೆ ಎಷ್ಟು ಗಂಭೀರನಾಗಿರುತ್ತಾನೆ ಎಂಬುದನ್ನು ಅವಳಿಗೆ ನೆನಪಿಸಿ. ಬರವಣಿಗೆಯಲ್ಲಿಯೂ ಇದೇ ಕ್ರಮ: ಒಂದು ಪುಟ ಆ ಪ್ರಸಂಗಕ್ಕೆ, ಅರ್ಧ ಪುಟ ಅಂಥದೇ ಒಂದು ಅನುಭವಕ್ಕೆ, ಉಳಿದದ್ದು ಅವಳಿಗೆ ಹಿಡಿಸದ ಭಾಗಕ್ಕೆ. ಲೇಖಕರ ಜನನ, ಪ್ರಶಸ್ತಿಗಳ ಪಟ್ಟಿ ಎರಡು ಸಾಲಿಗಿಂತ ಹೆಚ್ಚಾದರೆ ಅದು ಜಾಗ ತುಂಬಿಸಲು ಬರೆದದ್ದು ಎಂದು ಯಾವ ಮೇಷ್ಟ್ರಿಗಾದರೂ ಗೊತ್ತಾಗುತ್ತದೆ.

ಹಾಗಾಗಿ ಈ ವಾರ 'ಪರಿಸರದ ಕತೆ' ತಂದು, ಏನೂ ಹೇಳದೆ ಅವಳು ಕೂರುವ ಜಗಲಿಯ ಮೇಲೆ ಇಟ್ಟುಬಿಡಿ. ಭಾನುವಾರದೊಳಗೆ ಪುಸ್ತಕ ಹಿಡಿದುಕೊಂಡು ಅಡುಗೆಮನೆಗೆ ಬಂದು, "ಅಮ್ಮ, ಇದೊಂದು ಕೇಳು" ಎಂದರೆ ಒಲೆಯ ಉರಿ ಸಣ್ಣ ಮಾಡಿ ಕೇಳಿ. ಬಾರದಿದ್ದರೆ ಸೋಮವಾರ ಸ್ವಾಮಿಯನ್ನು ತನ್ನಿ.